ರಾಜರ ಮಂಚದ ಮೇಲೆ ಒಂದು ರಾತ್ರಿ: ಎಚ್ಚರ ಇರುವವರು ಯಾರು?

ಅಂಕಣ: ಜಮಾ ಖರ್ಚು



ಹೋದ ತಿಂಗಳ ಅಂಕಣ ಓದಿ ಐದಾರು ಜನ ಫೋನ್ ಮಾಡಿದ್ದಿರಿ. ಇನ್ಶೂರೆನ್ಸ್ ವಿಷಯ ಎರಡು ನಿಮಿಷ ಆಯಿತು, ಆಮೇಲೆ ಇಬ್ಬರು ಮೂವರು ಒಂದೇ ಕಡೆ ಬಂದು ನಿಂತರು: "ಸಾರ್, ಡಿಸೆಂಬರ್ ರಜಕ್ಕೆ ಕ್ರೂಸ್ ಬುಕ್ ಮಾಡೋಣ ಅಂತಿದೀವಿ. ಕೊಟ್ಟ ದುಡ್ಡಿಗೆ ಸರಿಹೋಗುತ್ತಾ?" ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಎರಡು ತಿಂಗಳಿಂದ ಓಡಾಡುತ್ತಿದೆ. ಅದಕ್ಕೇ ಈ ಸಲ ಟ್ಯಾಕ್ಸು, 401ಕೆ ಎಲ್ಲ ಪಕ್ಕಕ್ಕಿಟ್ಟು ಈ ವಿಷಯ ತಗೊಂಡಿದ್ದೇನೆ. ಇದರಲ್ಲಿ ಲೆಕ್ಕವೂ ಇದೆ, ನಮ್ಮಪ್ಪನ ವಿಷಯವೂ ಸ್ವಲ್ಪ ಇದೆ. ಬೇಜಾರು ಮಾಡ್ಕೋಬೇಡಿ.

ಶುರುವಾದದ್ದು ಹೀಗೆ. ಜೆರಿಕೋದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಹೆಣ್ಣುಮಗಳು ವಿಯೆಟ್ನಾಂ ಮೂಲದವಳು. ಬೇಸಿಗೆ ರಜದಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಊರಿಗೆ ಹೋಗಿ, ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗಿನಲ್ಲೇ ಉಳಿದು ಬಂದಿದ್ದಳು. ಊಟದ ಹೊತ್ತಿಗೆ ಫೋಟೋ ತೋರಿಸಿದಳು. ಹಡಗಿನ ಕೋಣೆಯೋ ಅರಮನೆಯೋ ಗೊತ್ತಾಗುವ ಹಾಗಿರಲಿಲ್ಲ. ಅರಗಿನ ಮೆರುಗು ಕೊಟ್ಟ ಮರದ ಹಲಗೆಗಳು, ಹಳದಿ ರೇಷ್ಮೆ ದಿಂಬು, ಮಂಚದ ತಲೆಯ ಕಡೆ ಡ್ರ್ಯಾಗನ್ ಕೆತ್ತನೆ, ಗೋಡೆಗೆ ಹಳೇ ರಾಜಮನೆತನದವರ ಕಪ್ಪು ಬಿಳುಪು ಫೋಟೋ. ಕಿಟಕಿಯಾಚೆ ಹಸಿರು ನೀರು, ನೀರಿನ ಮಧ್ಯೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು. ಅಂಥ ದ್ವೀಪಗಳೇ ಅಲ್ಲಿ 1,600ರಷ್ಟಿವೆ. ಹಾ ಲಾಂಗ್ ಅಂದರೆ ಅವರ ಭಾಷೆಯಲ್ಲಿ 'ಡ್ರ್ಯಾಗನ್ ಇಳಿದ ಜಾಗ' ಅಂತೆ. 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು.

"ಇವರೆಲ್ಲ ಯಾವ ರಾಜರು?" ಅಂತ ಕೇಳಿದೆ. ಅವಳು ಹೇಳಿದ್ದಿಷ್ಟು: ಹ್ಯೂ ಅನ್ನುವ ಪಟ್ಟಣದಿಂದ ಆಳಿದ ನುಯೆನ್ ವಂಶ, 1802ರಿಂದ 1945ರವರೆಗೆ, ಒಟ್ಟು 13 ದೊರೆಗಳು. ಕೊನೆಯವನು ಬಾವೊ ದಾಯ್. 1945ರ ಆಗಸ್ಟಿನಲ್ಲಿ ಪಟ್ಟ ಬಿಟ್ಟ. ಆಮೇಲೆ ಕೆಲವು ವರ್ಷ ಫ್ರೆಂಚರ ಬೆಂಬಲದಿಂದ ದೇಶದ ಮುಖ್ಯಸ್ಥ ಅಂತ ಇದ್ದ, ಅದೂ ಹೋಗಿ ಕೊನೆಗೆ 1997ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಈಗ ಅವನ ಕಾಲದ ಕುರ್ಚಿ, ಬಣ್ಣ, ಚಿತ್ರ ಎಲ್ಲ ಹಡಗಿನ ಕೋಣೆಗಳ ಅಲಂಕಾರವಾಗಿದೆ. ರಾಜ ಪಟ್ಟ ಬಿಟ್ಟ ಮೇಲೆ ರಾಜನ ಕೋಣೆ ಬಾಡಿಗೆಗೆ ಬರುತ್ತದೆ. ನಮ್ಮಲ್ಲೂ ಹಾಗೇ ತಾನೆ. ಮೈಸೂರಿನ ಲಲಿತಮಹಲ್ 1921ರಲ್ಲಿ ವೈಸ್‌ರಾಯ್ ಥರದ ಅತಿಥಿಗಳಿಗೆ ಅಂತ ಕಟ್ಟಿಸಿದ್ದು, 1974ರಲ್ಲಿ ಹೋಟೆಲ್ ಆಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬರುವ ಜನವರಿಗೆ ನಮ್ಮ ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ. ಏನಾದರೂ ದೊಡ್ಡದು ಮಾಡಬೇಕು ಅಂತ ಮನಸ್ಸಿನಲ್ಲಿತ್ತು. ಅವಳು ಫೋಟೋ ನೋಡಿ, "ಅವರನ್ನ ಅಷ್ಟು ದೂರ ಯಾಕ್ರೀ ಕರ್ಕೊಂಡು ಹೋಗ್ತೀರ, ಅತ್ತೆಗೆ ನೀರು ಕಂಡ್ರೆ ತಲೆ ಸುತ್ತುತ್ತೆ. ನಮ್ಮದೇ ಗೋಲ್ಡನ್ ಚಾರಿಯಟ್ ಇದೆಯಲ್ಲ" ಅಂದಳು.

ಹೌದಲ್ಲ ಅನ್ನಿಸಿತು. ರಾತ್ರಿ ಮಲಗಿ ಬೆಳಿಗ್ಗೆ ಇನ್ನೊಂದು ಊರಲ್ಲಿ ಏಳುವ ಅರಮನೆ ನಮ್ಮ ಹತ್ತಿರವೂ ಒಂದಿದೆ, ನೀರಿನ ಮೇಲಲ್ಲ, ಹಳಿಯ ಮೇಲೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕರ್ನಾಟಕ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 2008ರಲ್ಲಿ ಶುರುಮಾಡಿದ ಐಷಾರಾಮಿ ರೈಲು. ಹೆಸರು ಹಂಪಿಯ ಕಲ್ಲಿನ ರಥದಿಂದ ಬಂದದ್ದು, ಈಗಿನ 50 ರೂಪಾಯಿ ನೋಟಿನ ಹಿಂದೆ ಇದೆಯಲ್ಲ, ಅದೇ ರಥ. ನೇರಳೆ ಬಣ್ಣ, ಅದರ ಮೇಲೆ ಚಿನ್ನದ ಬಣ್ಣ. ಒಂದೊಂದು ಮಲಗುವ ಬೋಗಿಗೂ ನಮ್ಮ ನಾಡು ಆಳಿದ ಒಂದೊಂದು ಮನೆತನದ ಹೆಸರು: ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಯದುಕುಲ, ಸಂಗಮ, ಶಾತವಾಹನ, ವಿಜಯನಗರ, ಜೊತೆಗೆ ಬಹಮನಿ, ಆದಿಲ್‌ಶಾಹಿ. ಊಟದ ಬೋಗಿಗಳು ನಳಪಾಕ, ರುಚಿ. ಬಾರಿಗೆ ಮದಿರಾ, ವ್ಯಾಯಾಮ ಮಸಾಜಿಗೆ ಆರೋಗ್ಯ. ಶಾಲೆಯಲ್ಲಿ ಇಸವಿ ಬಾಯಿಪಾಠ ಮಾಡಿ ಮರೆತ ವಂಶಗಳೆಲ್ಲ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಲ್ಲುತ್ತವೆ.

ಅಕೌಂಟೆಂಟ್ ಆದವನಿಗೆ ಈ ರೈಲಿನ ಕಥೆಯಲ್ಲಿ ಒಂದು ಪಾಠವೂ ಇದೆ. ರೈಲು ರಾಜ್ಯದ್ದು, ಆದರೆ ಹಳಿ, ಎಂಜಿನ್ನು ಎಲ್ಲ ರೈಲ್ವೆಯದು. ಎಳೆದುಕೊಟ್ಟದ್ದಕ್ಕೆ ಹಾಲೇಜ್ ಅಂತ ದುಡ್ಡು ಕಟ್ಟಬೇಕು. ಮಂಚ ತುಂಬಿದ್ದರೂ ಅಷ್ಟೇ, ಅರ್ಧ ಖಾಲಿ ಇದ್ದರೂ ಅಷ್ಟೇ. ಹಡಗು, ಹೋಟೆಲ್ಲು, ಮದುವೆ ಛತ್ರ ಎಲ್ಲದರ ಕಥೆಯೂ ಇಷ್ಟೇ: ರಾತ್ರಿ ಖಾಲಿ ಹೋದ ಮಂಚವನ್ನು ನಾಳೆ ಮಾರುವುದಕ್ಕೆ ಆಗುವುದಿಲ್ಲ. ಹತ್ತು ವರ್ಷ ಓಡಿ ರೈಲು ನಿಂತಿತು. 2019ರಲ್ಲಿ ಐಆರ್‌ಸಿಟಿಸಿ ಜೊತೆ ಒಪ್ಪಂದ ಆಯಿತು, ಅಷ್ಟರಲ್ಲಿ ಕೋವಿಡ್ ಬಂತು. ಬೋಗಿಗಳನ್ನೆಲ್ಲ ಹೊಸದು ಮಾಡಿಸಿ 2024ರ ಡಿಸೆಂಬರಿನಲ್ಲಿ ಮತ್ತೆ ಹೊರಡಿಸಿದರು. ಈಗ 40 ಕ್ಯಾಬಿನ್ನು, 80 ಜನ.

ಆ ಸೀಸನ್ನಿನ ದರ ಹೇಳುತ್ತೇನೆ. 'ಪ್ರೈಡ್ ಆಫ್ ಕರ್ನಾಟಕ' ಅನ್ನುವ 5 ರಾತ್ರಿ 6 ಹಗಲಿನ ಪ್ರವಾಸಕ್ಕೆ ಒಬ್ಬರಿಗೆ 4,00,530 ರೂಪಾಯಿ, ಅದರ ಮೇಲೆ ಜಿಎಸ್‌ಟಿ 5 ಪರ್ಸೆಂಟ್. ಅಂದರೆ 4,20,556 ರೂಪಾಯಿ 50 ಪೈಸೆ. ಇಬ್ಬರಿಗೆ 8,41,113. ಗಂಡ ಹೆಂಡತಿಗೆ ಒಂದು ರಾತ್ರಿಗೆ ಹೆಚ್ಚುಕಮ್ಮಿ 1,68,000. ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ ಎಲ್ಲ ನೋಡಿ ಬರಬಹುದು.

ದುಬಾರಿಯೇ. ಆದರೆ ಡಾಲರಿನಲ್ಲಿ ದುಡಿಯುವವನಿಗೆ, ಒಂದು ಸಲ, ಅಪ್ಪ ಅಮ್ಮನಿಗೆ ಅಂತ ಅಂದರೆ ಆಗದ್ದೇನಲ್ಲ. ನಾವು ಇಲ್ಲಿ ಕಾರಿಗೆ ಹಾಕುವ ದುಡ್ಡು ಎಷ್ಟು ಅಂತ ಎಲ್ಲರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ.

"ಅಪ್ಪಾ, ನಿಂಗೂ ಅಮ್ಮಂಗೂ ಗೋಲ್ಡನ್ ಚಾರಿಯಟ್ ರೈಲಲ್ಲಿ ಟಿಕೆಟ್ ಮಾಡ್ಸಣಾ ಅಂತ."

"ಯಾವ್ದು, ಆ ನೇರಳೆ ಬಣ್ಣದ್ದಾ?"

"ಹೂಂ, ಅದೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ನಮ್ ಸೆಕ್ಷನ್ನಾಗೆ ರಾತ್ರಿ ಹೊತ್ತು ಹೋಗದು ಕಣಪ್ಪ. ನಾವು ಒಳಗೆ ಮಲಿಕ್ಕಂಡ್ರೆ ಲೈನ್ ಮೇಲೆ ಯಾರಿರ್ತಾರೆ?"

"ಈಗ ಕೆಲಸದಲ್ಲಿ ಇರೋರು ಇರ್ತಾರೆ."

"ಅದೇ ನಾನು ಕೇಳಿದ್ದು. ಯಾರು ಅಂತ."

ಇಲ್ಲಿ ನಮ್ಮಪ್ಪನ ಕೆಲಸ ಹೇಳಬೇಕು. ಅಪ್ಪ ಅರಸೀಕೆರೆ ಕಡೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮನ್ ಆಗಿ, 2009ರಲ್ಲಿ ರಿಟೈರ್ ಆದರು. ಕೀಮನ್ ಅಂದರೆ ತನ್ನ ಪಾಲಿನ ಹಳಿಯನ್ನು ದಿನಾ ನಡೆದು ನೋಡುವವನು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಯಲ್ಲಿ ಕೆಂಪು ಹಸಿರು ಬಾವುಟ. ಹಳಿಯನ್ನು ಸ್ಲೀಪರಿಗೆ ಹಿಡಿದಿಟ್ಟ ಒಂದೊಂದು ಕ್ಲಿಪ್ಪನ್ನೂ ಕಣ್ಣಲ್ಲಿ ನೋಡಬೇಕು. ಸಡಿಲ ಇದ್ದರೆ ಹೊಡೆದು ಬಿಗಿ ಮಾಡಬೇಕು. ಒಂದು ಹಳಿ ನೋಡುತ್ತಾ ಹೋಗುವುದು, ಇನ್ನೊಂದು ಹಳಿ ನೋಡುತ್ತಾ ಬರುವುದು.

ಮಳೆಗಾಲ ಬಂತು ಅಂದರೆ ರಾತ್ರಿ ಪ್ಯಾಟ್ರೋಲ್. ಹಳಿ ಕೆಳಗಿನ ಜಲ್ಲಿ ಕೊಚ್ಚಿಹೋಗಿದೆಯಾ, ಮೋರಿಗೆ ನೀರು ಕಟ್ಟಿದೆಯಾ, ಮರ ಬಿದ್ದಿದೆಯಾ ನೋಡುತ್ತಾ ಕತ್ತಲಲ್ಲಿ ನಡೆಯಬೇಕು. ಚೀಲದಲ್ಲಿ ಪಟಾಕಿ ಇರುತ್ತದೆ. ನಮ್ಮ ದೀಪಾವಳಿ ಪಟಾಕಿಯಲ್ಲ, ಡಿಟೊನೇಟರ್. ಮುಂದೆ ಅಪಾಯ ಕಂಡರೆ 600 ಮೀಟರಿಗೆ ಒಂದು, 1200 ಮೀಟರಿಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು ಹಳಿಗೆ ಕಟ್ಟಬೇಕು. ಎಂಜಿನ್ ಅದರ ಮೇಲೆ ಹತ್ತಿದರೆ ಢಂ ಅನ್ನುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ತನ್ನ ಸರಹದ್ದು ಮುಗಿದ ಕಡೆ ಪಕ್ಕದ ಸರಹದ್ದಿನವನಿಗೆ ಕಾದು ಪುಸ್ತಕ ಬದಲಾಯಿಸಿಕೊಳ್ಳಬೇಕು, ಇಬ್ಬರೂ ನಡೆದಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ. ರೈಲು ಬಂದಾಗ ಪಕ್ಕಕ್ಕೆ ಸರಿದು, ಎದೆ ಮೇಲಿನ ನಂಬರ್ ಬಿಲ್ಲೆಗೆ ಟಾರ್ಚ್ ಬಿಟ್ಟುಕೊಂಡು ನಿಲ್ಲಬೇಕು. ಓಡುವ ರೈಲಿನಿಂದ ಕಾಣುವುದು ಆ ನಂಬರು ಮಾತ್ರ, ಮುಖ ಅಲ್ಲ.

2008ರ ಮಳೆಗಾಲದಲ್ಲಿ ಅಪ್ಪ ಹಾಗೆ ನಿಂತಿದ್ದಾಗ ಆ ನೇರಳೆ ರೈಲು ಹೋದದ್ದನ್ನು ನೋಡಿದ್ದರಂತೆ. ಪರದೆ ಎಳೆದ ಕಿಟಕಿಗಳು, ಒಂದೆರಡರಲ್ಲಿ ಹಳದಿ ಬೆಳಕು. "ಚೆನ್ನಾಗಿತ್ತು. ಸದ್ದೇ ಕಮ್ಮಿ" ಅಂದರು. ಅಷ್ಟೇ.

ಈಗ ನನ್ನ ಒಂದು ಹಳೇ ಬಾಕಿ. ಅರಸೀಕೆರೆಯಲ್ಲಿ ಬಿಕಾಂ ಓದುವಾಗ ನನ್ನ ಕ್ಲಾಸಿನವರು ಅಂಗಡಿಯವರ ಮಕ್ಕಳು, ಮೇಷ್ಟ್ರ ಮಕ್ಕಳು. ನಿಮ್ಮಪ್ಪ ಏನು ಮಾಡ್ತಾರೆ ಅಂದರೆ ನಾನು 'ರೈಲ್ವೆ' ಅನ್ನುತ್ತಿದ್ದೆ. "ಟೀಸೀನಾ?" ಅಂತ ಒಬ್ಬ ಕೇಳಿದಾಗ "ಹೂಂ, ಹಂಗೇ" ಅಂದುಬಿಟ್ಟೆ. ಒಂದು ದಿನ ಅವನು ನೋಟ್ಸಿಗೆ ಅಂತ ಮನೆಗೆ ಬಂದ. ಅಪ್ಪ ಜಗುಲಿ ಮೇಲೆ ಕೂತು ಶೂಗೆ ಅಂಟಿದ ಕೆಸರು ಕೆರೆಯುತ್ತಿದ್ದರು. "ಟಿಕೆಟ್ ಚೆಕ್ ಮಾಡೋರು ಅಂತಲ್ಲ ಸಾರ್ ನೀವು" ಅಂದ. ಅಪ್ಪ ನನ್ನ ಮುಖ ಒಂದು ಸಲ ನೋಡಿ, "ಟಿಕೆಟ್ ನೋಡಲ್ಲಪ್ಪ, ಟ್ರ್ಯಾಕ್ ನೋಡ್ತೀನಿ" ಅಂದರು. ಆಮೇಲೆ ಆ ಮಾತನ್ನು ಯಾವತ್ತೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಪ್ಪತ್ತೈದು ವರ್ಷ ಆಯಿತು.

ರಿಟೈರ್ ಆಗುವಾಗ ಅಪ್ಪನ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 13,000ದ ಆಸುಪಾಸು. ಆ 8,41,113 ಅಂದರೆ ಅವರ ಐದು ವರ್ಷಕ್ಕೂ ಮೇಲ್ಪಟ್ಟ ಸಂಬಳ. ಈ ಲೆಕ್ಕ ಕಾಗದದ ಮೇಲೆ ಬರೆದಾಗ ನನಗೇ ಗೊತ್ತಾಯಿತು, ನಾನು ಅವರಿಗೆ ಪ್ರವಾಸ ಮಾಡಿಸಲು ಹೊರಟಿರಲಿಲ್ಲ. ಜಗುಲಿ ಮೇಲಿನ ಆ ಬಾಕಿ ತೀರಿಸಲು ಹೊರಟಿದ್ದೆ. ಅದನ್ನು ಕದಂಬರ ಬೋಗಿಯಲ್ಲಿ ಮಲಗಿಸಿ ತೀರಿಸಲು ಆಗುವುದಿಲ್ಲ.

ಆದರೂ ಅಪ್ಪನ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಮಲಗಿದವರು ಮಲಗಿದ್ದಾಗ ಎಚ್ಚರ ಇರುವವರು ಯಾರು? ನಾನು ಆಡಿಟ್ ಮಾಡುವಾಗ ಹೊಳೆಯುವ ಬ್ರೋಷರ್ ನೋಡುವುದಿಲ್ಲ, ವೋಚರ್ ನೋಡುತ್ತೇನೆ. ಹಾಗೇ ಈ ರಾತ್ರಿ ಪ್ರಯಾಣಗಳ ಹಳೇ ದಾಖಲೆ ತೆಗೆದು ನೋಡಿದೆ.

ಮೊದಲು ಹಾ ಲಾಂಗ್. 2011ರ ಫೆಬ್ರವರಿ 17ರಂದು ಇದೇ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದ್ದ ಒಂದು ಪ್ರವಾಸಿ ದೋಣಿ ಬೆಳಗಿನ ಜಾವ ಮುಳುಗಿತು. ಬಿರುಗಾಳಿ ಇಲ್ಲ, ಡಿಕ್ಕಿ ಇಲ್ಲ. ಒಳಗೆ ನೀರು ನುಗ್ಗಿತು. ಪ್ರವಾಸಿಗಳು ಕ್ಯಾಬಿನ್ನಿನಲ್ಲಿ ನಿದ್ದೆಯಲ್ಲಿದ್ದರು. 12 ಜನ ಸತ್ತರು. 2025ರ ಜುಲೈನಲ್ಲಿ ಅಲ್ಲೇ ಇನ್ನೊಂದು, ಅದು ಹಗಲು ದೋಣಿ, ಗಾಳಿಗೆ ಮಗುಚಿ ಮೂವತ್ತಕ್ಕಿಂತ ಹೆಚ್ಚು ಜನ ಹೋದರು.

ಇನ್ನೊಂದು ನಮ್ಮ ಪಕ್ಕದ್ದೇ. ನಾವು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಲಾಂಗ್ ಐಲೆಂಡ್ ಸೌಂಡ್, ಜೆರಿಕೋದಿಂದ ಉತ್ತರಕ್ಕೆ ಕಾರಿನಲ್ಲಿ ಸ್ವಲ್ಪ ದೂರ. ನೇರ ರೈಲು, ಹೈವೇ ಇಲ್ಲದ ಕಾಲದಲ್ಲಿ ನ್ಯೂಯಾರ್ಕಿನಿಂದ ಬಾಸ್ಟನ್ ಕಡೆಗೆ ಹೋಗುವವರು ಈ ನೀರಿನ ಮೇಲೆ ರಾತ್ರಿ ಹಡಗಿನಲ್ಲೇ ಹೋಗುತ್ತಿದ್ದರು. 1840ರ ಜನವರಿ 13ರಂದು ಲೆಕ್ಸಿಂಗ್‌ಟನ್ ಅನ್ನುವ ಸ್ಟೀಮರ್ ಹೊರಟಿತು. ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಕಟ್ಟಿಸಿದ್ದು, ಅಷ್ಟೊತ್ತಿಗೆ ಬೇರೆಯವರಿಗೆ ಮಾರಿದ್ದ. ಆ ಕಾಲಕ್ಕೆ ವೇಗದ, ಒಳ್ಳೇ ಹೆಸರಿನ ಹಡಗು. ಹೊಗೆ ಕೊಳವೆ ಹತ್ತಿರ ಹತ್ತಿಯ ಬೇಲುಗಳನ್ನು ಪೇರಿಸಿದ್ದರು. ರಾತ್ರಿ ಬೆಂಕಿ ಹತ್ತಿತು. ಸುಮಾರು 140 ಜನರಲ್ಲಿ ಬದುಕಿದ್ದು ನಾಲ್ಕೇ ಜನ. ಒಬ್ಬ ಹತ್ತಿ ಬೇಲನ್ನೇ ತಬ್ಬಿಕೊಂಡು ಆ ಚಳಿಯಲ್ಲಿ ತೇಲಿ ನಮ್ಮ ಲಾಂಗ್ ಐಲೆಂಡ್ ದಂಡೆಗೆ ಬಂದು ಬಿದ್ದ.

ಆಮೇಲೆ ಇದೇ ನೀರಿನಲ್ಲಿ ಫಾಲ್ ರಿವರ್ ಲೈನ್ ಅನ್ನುವ ಕಂಪನಿ 1847ರಿಂದ ತೊಂಬತ್ತು ವರ್ಷ ರಾತ್ರಿ ಹಡಗು ಓಡಿಸಿತು. ಪ್ರಿಸಿಲ್ಲಾ, ಕಾಮನ್‌ವೆಲ್ತ್ ಅಂತ ಹಡಗುಗಳು. ತೇಲುವ ಅರಮನೆ ಅಂತಲೇ ಜನ ಕರೆಯುತ್ತಿದ್ದರು. ಕಾಮನ್‌ವೆಲ್ತಿನ ಒಂದು ಹಾಲು ವೆನಿಸ್ಸಿನ ಅರಮನೆ ಥರ, ಬೇರೆ ಕೋಣೆಗಳು ಬೇರೆ ಬೇರೆ ಶೈಲಿಯಲ್ಲಿ. ಅಂದರೆ ರಾಜರ ಅಲಂಕಾರವನ್ನು ರಾತ್ರಿ ಬಾಡಿಗೆಗೆ ಮಾರುವುದು ಹೊಸ ವ್ಯಾಪಾರವೇನಲ್ಲ, ನಮ್ಮ ಹಿತ್ತಲಲ್ಲೇ ನಡೆದಿತ್ತು. 1937ರಲ್ಲಿ ಹಡಗಿನ ಕೆಲಸಗಾರರು ಕೂತಲ್ಲೇ ಕೂತು ಮುಷ್ಕರ ಹೂಡಿದರು. ಮೊದಲೇ ನಷ್ಟದಲ್ಲಿದ್ದ ಕಂಪನಿ ಇದೇ ಸಾಕು ಅಂತ ಹಡಗುಗಳನ್ನೇ ನಿಲ್ಲಿಸಿಬಿಟ್ಟಿತು. ಆ ಅರಮನೆಗಳು ಗುಜರಿಗೆ ಹೋದವು. ಕೆಲಸಗಾರರ ಕೆಲಸವೂ ಹೋಯಿತು. ಯಾರು ಸರಿ ಯಾರು ತಪ್ಪು ಅಂತ ನಾನು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಒಂದು ಮಾತ್ರ ನೋಡಿದೆ: ಎಚ್ಚರ ಇರುವವರು ಕೈ ಕಟ್ಟಿ ಕೂತ ದಿನ ಅರಮನೆ ಒಂದು ರಾತ್ರಿಯೂ ತೇಲಲಿಲ್ಲ.

ಈ ಪತ್ರಿಕೆ ಓದುವ ನಮ್ಮಲ್ಲಿ ಎಷ್ಟು ಜನ ರಾತ್ರಿ ಪಾಳಿಯವರು! ಗ್ಯಾಸ್ ಸ್ಟೇಷನ್ನಿನಲ್ಲಿ, ನರ್ಸಿಂಗ್ ಹೋಮಿನಲ್ಲಿ, ಹೋಟೆಲ್ ರಿಸೆಪ್ಷನ್ನಿನಲ್ಲಿ, ಲ್ಯಾಪ್‌ಟಾಪ್ ತಲೆದಿಂಬಿನ ಪಕ್ಕ ಇಟ್ಟುಕೊಂಡು ಆನ್-ಕಾಲ್ ಇರುವ ಐಟಿಯವರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಾವೇ ರಜಕ್ಕೆ ಹೊರಟಾಗ ಮರೆಯುತ್ತೇವೆ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ದುಡ್ಡು ಕಟ್ಟುವ ಮೊದಲು ಈ ಕೆಲವು ನೋಡಿಕೊಳ್ಳಿ.

ಒಂದು, ಜಾಹೀರಾತಿನ ದರ ಪೂರ್ತಿ ದರ ಅಲ್ಲ. ಬಯೋನ್, ಬ್ರೂಕ್ಲಿನ್, ಮ್ಯಾನ್‌ಹಟನ್‌ನಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ವೈಫೈ, ಕುಡಿಯುವುದು, ಕಾರ್ ಪಾರ್ಕಿಂಗ್ ಎಲ್ಲ ಬೇರೆ. ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಅಂತ ಇಟ್ಟುಕೊಂಡು ಒಬ್ಬರ ದರ ಹೇಳಿರುತ್ತಾರೆ. ಒಬ್ಬರೇ ಹೋದರೆ ಹತ್ತಿರ ಹತ್ತಿರ ಡಬಲ್ ಬೀಳಬಹುದು.

ಎರಡು, ಗ್ರಾಚ್ಯುಯಿಟಿ. ಇದು ಊರಿನ ರಿಟೈರ್‌ಮೆಂಟ್ ಗ್ರಾಚ್ಯುಯಿಟಿ ಅಲ್ಲ, ಟಿಪ್ಸು. ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಆಸುಪಾಸು ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ಕೌಂಟರಿಗೆ ಹೋಗಿ ಕೇಳಿದರೆ ಕೆಲವು ಕಂಪನಿಗಳು ತೆಗೆದುಹಾಕುತ್ತವೆ ಅಂತ ನಮ್ಮವರೇ ವಾಟ್ಸಾಪಿನಲ್ಲಿ ಉಪಾಯ ಹಂಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹಾಸಿಗೆ ಮಡಿಸುವ ಹುಡುಗ ಗೋವಾದವನೋ, ಮಂಗಳೂರಿನವನೋ, ಫಿಲಿಪ್ಪೀನ್ಸಿನವನೋ ಇರುತ್ತಾನೆ. ತಿಂಗಳುಗಟ್ಟಲೆ ಮನೆ ಮುಖ ನೋಡದೆ ಕಾಂಟ್ರಾಕ್ಟಿನಲ್ಲಿ ದುಡಿಯುತ್ತಿರುತ್ತಾನೆ. ಅವನೂ ನಮ್ಮ ಹಾಗೆ ಊರಿಗೆ ದುಡ್ಡು ಕಳಿಸುವವನೇ.

ಮೂರು, ಹಡಗು ಹತ್ತಿದ ದಿನ ಮಸ್ಟರ್ ಡ್ರಿಲ್ ಅಂತ ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಎಲ್ಲಿದೆ ಅಂತ ಹೇಳಿಕೊಡುತ್ತಾರೆ. ಆ ಹೊತ್ತಿಗೆ ಬಫೆ ಕಡೆ ಹೋಗಬೇಡಿ. ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತದ್ದು 2012ರ ಜನವರಿ 13ರಂದು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆಯೇ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು ಅಂತ ನಿಯಮ ಬಿಗಿ ಮಾಡಿದ್ದು. ಹಾ ಲಾಂಗ್ ಥರದ ಕಡೆ ಚಿಕ್ಕ ಹಡಗಿನಲ್ಲಿ ಉಳಿಯುವುದಾದರೆ ನಾಚಿಕೆ ಬಿಟ್ಟು ಎರಡು ಪ್ರಶ್ನೆ ಕೇಳಿ: ರಾತ್ರಿ ಕಾವಲಿಗೆ ಯಾರಿರುತ್ತಾರೆ, ಕೋಣೆಯಿಂದ ಹೊರಗೆ ಬರುವ ದಾರಿ ಎಷ್ಟು.

ನಾಲ್ಕು, ಇದು ಬಹಳ ಮುಖ್ಯ. ಎಚ್-1ಬಿ ಮೇಲೆ ಇರುವವರು ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ದಿನಾಂಕ ನೋಡಿಕೊಳ್ಳಿ. ಸ್ಟಾಂಪ್ ಮುಗಿದಿದ್ದರೂ ಐ-94 ಚಾಲ್ತಿ ಇದ್ದರೆ ಕೆನಡಾ, ಮೆಕ್ಸಿಕೋಗೆ 30 ದಿನದ ಒಳಗೆ ಹೋಗಿ ಬರಲು ಒಂದು ವಿನಾಯಿತಿ ಇದೆ. ಎಚ್-1ಬಿಗೆ ಆ ವಿನಾಯಿತಿ ಬರ್ಮುಡಾ, ಬಹಾಮಾಸ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ನ್ಯೂಯಾರ್ಕಿನಿಂದ ಹೊರಡುವ ಎಷ್ಟೋ ಹಡಗುಗಳು ಹೋಗುವುದೇ ಅಲ್ಲಿಗೆ. ಹತ್ತಿದ ಬಂದರಿಗೇ ವಾಪಸ್ ಬರ್ತೀವಲ್ಲ ಅನ್ನುವ ಸಮಾಧಾನ ಇಮಿಗ್ರೇಷನ್ ಕೌಂಟರಿನಲ್ಲಿ ನಡೆಯುವುದಿಲ್ಲ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇರುವವರೂ ವಕೀಲರನ್ನು ಕೇಳದೆ ಟಿಕೆಟ್ ತೆಗೆಯಬೇಡಿ. ವಿಯೆಟ್ನಾಮಿಗಾದರೆ ಭಾರತದ ಪಾಸ್‌ಪೋರ್ಟಿಗೆ ಇ-ವೀಸಾ ಸಿಗುತ್ತದೆ, ಆದರೆ ಇಲ್ಲಿಗೆ ವಾಪಸ್ ಬರುವಾಗ ಸ್ಟಾಂಪ್ ಬೇಕೇ ಬೇಕು.

ಇಷ್ಟು ಲೆಕ್ಕದ ಮಾತು. ಮನೆ ಮಾತು ಇನ್ನೂ ಮುಗಿದಿಲ್ಲ.

ಅಪ್ಪ ಬೇಡ ಅಂದರು ಅಂತ ಮುಂದಿನ ಭಾನುವಾರ ಅಮ್ಮನಿಗೆ ಹೇಳಿದೆ. ಅಮ್ಮನ ದನಿ ಜೋರಾಯಿತು. "ಅವ್ರು ಬ್ಯಾಡ ಅಂದ್ರೆ ಆಯ್ತಾ? ನನ್ನ ಯಾರಾರ ಕೇಳಿದ್ರಾ?" ಅಂದರು. ನಾನು ಗಪ್‌ಚಿಪ್. "ಮಳೆಗಾಲದಾಗೆ ಇವ್ರು ಲೈಟ್ ಹಿಡ್ಕಂಡು ಹೋದ್ರೆ ಬರಗಂಟ ನಾನೇನು ಮಲಿಕ್ಕಂತಿದ್ನಾ? ನೀವೆಲ್ಲ ಮಲಗಿದ್ರಿ. ನಾನು ಒಲೆ ಮುಂದೆ ಕುಂತಿರ್ತಿದ್ದೆ. ಗುಡುಗಿದ್ರೆ ಎದ್ದು ಬಾಗ್ಲಿಗೆ ಬರ್ತಿದ್ದೆ. ನಂಗೂ ಒಂದಿನ ಯಾರಾರ ಹಾಸಿಗೆ ಹಾಸ್ಕೊಡ್ಲಿ."

ಇಷ್ಟು ವರ್ಷ ನನ್ನ ಲೆಕ್ಕದಲ್ಲಿ ಈ ಬಾಬು ಇರಲೇ ಇಲ್ಲ. ಎಚ್ಚರ ಇದ್ದವರು ಇಬ್ಬರು, ನಾನು ಬರೆದುಕೊಂಡಿದ್ದು ಒಬ್ಬರನ್ನು. ಒಲೆ ಮುಂದೆ ಕೂತವರಿಗೆ ನಂಬರ್ ಬಿಲ್ಲೆಯೂ ಇಲ್ಲ, ಪುಸ್ತಕವೂ ಇಲ್ಲ, ಪೆನ್ಷನ್ನೂ ಇಲ್ಲ.

ಹಾಗಾದರೆ ನಿನಗೊಬ್ಬಳಿಗೇ ಟಿಕೆಟ್ ಮಾಡಿಸಲಾ, ನಾನೂ ಜೊತೆಗೆ ಬರ್ತೀನಿ ಅಂದೆ. ಎಷ್ಟು ಅಂತ ಕೇಳಿದರು. ಹೇಳಿದೆ. "ಅಯ್ಯೋ ನಿನ್ನ ಮನೆ ಹಾಳಾಗ" ಅಂತ ಬೈದು ಫೋನ್ ಅಪ್ಪನಿಗೆ ಕೊಟ್ಟರು. ಮೂರು ಭಾನುವಾರ ಹೀಗೆ ಎಳೆದಾಡಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದೇವೆ.

ಜನವರಿಯಲ್ಲಿ ನಾವು ನಾಲ್ಕೂ ಜನ ಊರಿಗೆ ಹೋಗುತ್ತಿದ್ದೇವೆ. ಅರಸೀಕೆರೆಯಿಂದ ಹುಬ್ಬಳ್ಳಿ ಕಡೆಗೆ ಹಗಲು ರೈಲು, ಕಿಟಕಿ ಪಕ್ಕದ ಸೀಟು ಅಪ್ಪನಿಗೆ. ಬಾಣಾವರ ದಾಟುವವರೆಗೆ ಯಾವ ತಿರುವು, ಯಾವ ಮೋರಿ, ಯಾವ ಮೈಲಿಗಲ್ಲು ಎಲ್ಲ ನನ್ನ ಮಗನಿಗೆ ತೋರಿಸುತ್ತಾರಂತೆ. ಅವನಿಗೆ ಹನ್ನೆರಡು ವರ್ಷ. ಅಜ್ಜ ಏನು ಕೆಲಸ ಮಾಡುತ್ತಿದ್ದರು ಅಂದರೆ 'ರೈಲ್ವೆ' ಅನ್ನುವುದು ಬಿಟ್ಟು ಅವನಿಗೂ ಏನೂ ಗೊತ್ತಿಲ್ಲ, ಅದು ನನ್ನ ತಪ್ಪು. ಹುಬ್ಬಳ್ಳಿಯಿಂದ ಹೊಸಪೇಟೆ, ಅಲ್ಲಿಂದ ಹಂಪಿ. ನೇರಳೆ ರೈಲಿಗೆ ಹೆಸರು ಕೊಟ್ಟ ಕಲ್ಲಿನ ರಥವನ್ನೇ ಅಮ್ಮನಿಗೆ ತೋರಿಸುವುದು. ರಾತ್ರಿ ಒಳ್ಳೇ ಹೋಟೆಲ್ಲಿನಲ್ಲಿ ಎರಡು ದಿನ. ಹಾಸಿಗೆ ಹಾಸಿಕೊಡುವವರು ಇರಬೇಕು, ಬೆಳಿಗ್ಗೆ ಕಾಫಿ ರೂಮಿಗೇ ಬರಬೇಕು. ಇದು ಅಮ್ಮನ ಕಂಡೀಷನ್. ಇನ್ನೊಂದು ಕಂಡೀಷನ್, ಹೋಟೆಲ್ ರೈಲ್ವೆ ಸ್ಟೇಷನ್ ಹತ್ತಿರ ಇರಕೂಡದು. "ಗಾಡಿ ಸದ್ದು ಕೇಳಿದ್ರೆ ಇವ್ರು ಎದ್ದು ಕುಂತ್ಕತಾರೆ" ಅಂದರು.

ಖರ್ಚು ಎಲ್ಲ ಸೇರಿ ಆ 8,41,113ರ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಉಳಿದದ್ದು ಉಳಿತಾಯ ಅಂತ ನಾನು ಬರೆದುಕೊಂಡಿಲ್ಲ. ಅಮ್ಮನ ಹೆಸರಿನಲ್ಲಿ ಅರಸೀಕೆರೆಯಲ್ಲಿ ಒಂದು ಎಫ್‌ಡಿ ಇಡೋಣ ಅಂತಿದ್ದೇನೆ, ತಿಂಗಳಿಗೆ ಇಷ್ಟು ಅಂತ ಬಡ್ಡಿ ಬರುವ ಹಾಗೆ, ಪೆನ್ಷನ್ ಥರ.

ಟಿಕೆಟ್ ಬುಕ್ ಮಾಡುವಾಗ ಅಪ್ಪನಿಗೆ ಫೋನ್ ಮಾಡಿ ವಯಸ್ಸು, ಹೆಸರಿನ ಸ್ಪೆಲಿಂಗ್ ಕೇಳಿದೆ.

"ನಂಗ್ಯಾಕೆ ಟಿಕೆಟ್ಟು?" ಅಂದರು. "ರಿಟೈರ್ ಆದೋರ್ಗೆ ಪಾಸ್ ಐತೆ. ನಿಮ್ಮಮ್ಮಂಗೂ ಐತೆ. ನಿಮ್ದು ನೀವು ತಗಳ್ಳಿ."

ಮುಂದಿನ ತಿಂಗಳು ಡಿಸೆಂಬರ್ 31ರ ಒಳಗೆ ಮುಗಿಸಬೇಕಾದ ಟ್ಯಾಕ್ಸ್ ಕೆಲಸಗಳ ಬಗ್ಗೆ ಬರೆಯುತ್ತೇನೆ. ರಾತ್ರಿ ಪಾಳಿಯವರು ಹುಷಾರಾಗಿರಿ, ಡ್ರೈವ್ ಮಾಡುವಾಗ ನಿದ್ದೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ.